ಫಾರ್ಮ್ಯಾಟ್ ಮಾಡಿಸುವ ಮುಂಚೆ ಡಬ್ಬಿ ಬಿಚ್ಚಿ ನೋಡಿ

ರಾಯಚೂರಿನ ನಮ್ಮ ಅಕ್ಕನ ಮನೆಯಲ್ಲಿ ಏಳು ವರ್ಷದ ಹಳೆಯ ಕಂಪ್ಯೂಟರ್ ಒಂದಿದೆ. ಹೋದ ವರ್ಷ ಮೇ ತಿಂಗಳಲ್ಲಿ ಅದಕ್ಕೊಂದು ಚಾಳಿ ಹತ್ತಿಕೊಂಡಿತು. ಬೆಳಿಗ್ಗೆ ಚೆನ್ನಾಗಿ ಓಡುತ್ತಿತ್ತು. ಮಧ್ಯಾಹ್ನ ಹನ್ನೆರಡು ದಾಟಿತು ಅಂದರೆ ಮೌಸ್ ಎಳೆದರೂ ಬಾಣ ಕದಲುತ್ತಿರಲಿಲ್ಲ. ಎರಡು ಗಂಟೆ ಹೊತ್ತಿಗೆ ತಾನಾಗಿಯೇ ಬಂದ್ ಆಗುತ್ತಿತ್ತು. ಅಂಗಡಿಗೆ ಒಯ್ದರು. "ವೈರಸ್ ಬಂದೈತ್ರೀ, ಫಾರ್ಮ್ಯಾಟ್ ಮಾಡಬೇಕು" ಅಂದರು, ಅಂದರೆ ಡಿಸ್ಕ್ ಖಾಲಿ ಮಾಡಿ ವಿಂಡೋಸನ್ನು ಹೊಸದಾಗಿ ಹಾಕಬೇಕು ಅಂತ. ಮಾಡಿದರು. ಅಂಗಡಿಯಲ್ಲಿ ಎರಡು ದಿನ ಇಟ್ಟು ನೋಡಿದರೂ ಒಂದು ಸಲವೂ ಬಂದ್ ಆಗಲಿಲ್ಲ. ಮನೆಗೆ ತಂದ ಮಾರನೇ ದಿನವೇ ಮತ್ತೆ ಅದೇ ಕಥೆ. ಮತ್ತೆ ಒಯ್ದರು, ಮತ್ತೆ ಫಾರ್ಮ್ಯಾಟ್.

ಅಕ್ಕ ಫೋನ್ ಮಾಡಿ ಹೇಳಿದಾಗ ನಾನು ಒಂದೇ ಪ್ರಶ್ನೆ ಕೇಳಿದೆ. "ಅಕ್ಕಾ, ಆ ಅಂಗಡ್ಯಾಗ ಎಸಿ ಐತೇನು?"

"ಹೂಂ, ಐತಲ್ಲ. ಯಾಕ?"

ಉತ್ತರ ಅಲ್ಲೇ ಇತ್ತು. ತಂಪಾದ ಅಂಗಡಿಯಲ್ಲಿ ಸರಿಯಾಗಿ ನಡೆದು, ಮನೆಯ ಮಧ್ಯಾಹ್ನದ ಕಾವಿನಲ್ಲಿ ನಿಂತುಹೋಗುವ ಯಂತ್ರಕ್ಕೆ ವೈರಸ್ ಬಂದಿಲ್ಲ. ಅದಕ್ಕೆ ಉಸಿರುಗಟ್ಟಿದೆ. ಆ ಭಾನುವಾರ ಹೋಗಿ ಡಬ್ಬಿ ಬಿಚ್ಚಿದೆ. ಪ್ರೊಸೆಸರ್ ಫ್ಯಾನಿನ ಅಡಿಯಲ್ಲಿ ಕಂಬಳಿಯ ತುಂಡಿನಂತೆ ಧೂಳು ಹೆಪ್ಪುಗಟ್ಟಿತ್ತು. ಹತ್ತು ನಿಮಿಷದ ಕೆಲಸ. ಆ ಚಾಳಿ ಅವತ್ತಿಗೆ ಬಿಟ್ಟುಹೋಯಿತು. ಆದರೆ ಮೊದಲನೇ ಫಾರ್ಮ್ಯಾಟಿನಲ್ಲೇ ಅಮ್ಮನ ಕೊನೆಯ ಎರಡು ವರ್ಷದ ಫೋಟೊಗಳು ಹೋಗಿದ್ದವು. ಇದನ್ನು ಬರೆಯಲು ಕೂತದ್ದು ಅದಕ್ಕೇ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಕಂಪ್ಯೂಟರ್ ಕೆಡುವ ಬಗೆ ಸ್ವಲ್ಪ ಬೇರೆ. ಇಲ್ಲಿ ಅದನ್ನು ಕಾಡುವುದು ಮೊದಲು ಧೂಳು, ಆಮೇಲೆ ಬಿಸಿಲು, ಆಮೇಲೆ ಕರೆಂಟು. ವೈರಸ್ಸಿನ ಸರದಿ ಬರುವುದು ಇವೆಲ್ಲ ಆದ ಮೇಲೆ.

ಒಳಗೆ ಏನಾಗುತ್ತದೆ

ನಾವೆಲ್ಲ ಆ ದೊಡ್ಡ ಡಬ್ಬಿಗೇ ಸಿಪಿಯು ಅನ್ನುತ್ತೇವೆ. ನಿಜವಾದ ಸಿಪಿಯು, ಅಂದರೆ ಪ್ರೊಸೆಸರ್, ಅದರೊಳಗೆ ಬಿಸ್ಕೆಟ್ ಗಾತ್ರದ ಒಂದು ಚಿಪ್ಪು. ಲೆಕ್ಕವೆಲ್ಲ ಮಾಡುವುದು ಅದೇ. ಮಾಡುವಾಗ ಕಾಯುತ್ತದೆ. ಆ ಕಾವನ್ನು ಹೊರಗೆ ಹಾಕಲು ಅದರ ತಲೆಯ ಮೇಲೆ ಅಲ್ಯೂಮಿನಿಯಂ ಹಾಳೆಗಳ ಒಂದು ಗಟ್ಟಿ ಇರುತ್ತದೆ. ಇದಕ್ಕೆ ಹೀಟ್ ಸಿಂಕ್ ಅನ್ನುತ್ತಾರೆ. ಚಿಪ್ಪಿಗೂ ಗಟ್ಟಿಗೂ ನಡುವೆ ಬೂದು ಬಣ್ಣದ ಪೇಸ್ಟ್ ತೆಳುವಾಗಿ ಹಚ್ಚಿರುತ್ತಾರೆ. ಎರಡರ ನಡುವೆ ಗಾಳಿ ಉಳಿಯದೆ ಕಾವು ನೇರ ಮೇಲೆ ದಾಟಲಿ ಅಂತ. ಗಟ್ಟಿಯ ಮೇಲೆ ಫ್ಯಾನು. ಫ್ಯಾನು ಬೀಸಿದ ಗಾಳಿ ಹಾಳೆಗಳ ಸಂದಿಯಲ್ಲಿ ಹಾದು ಕಾವನ್ನು ಹೊತ್ತುಕೊಂಡು ಹೋಗುತ್ತದೆ.

ಒಂದು ಮಾತು ಇಲ್ಲಿ ಸರಿಯಾಗಿ ಹಿಡಿದುಕೊಳ್ಳಬೇಕು. ಫ್ಯಾನು ತಂಪನ್ನು ಹುಟ್ಟಿಸುವುದಿಲ್ಲ. ಕೋಣೆಯಲ್ಲಿ ಎಂಥ ಗಾಳಿ ಇದೆಯೋ ಅದನ್ನೇ ಒಳಗೆ ತಳ್ಳುತ್ತದೆ. ಪ್ರೊಸೆಸರ್ ಯಾವಾಗಲೂ ಕೋಣೆಗಿಂತ ಇಷ್ಟು ಡಿಗ್ರಿ ಜಾಸ್ತಿ ಅಂತಲೇ ಇರುತ್ತದೆ. ಉದಾಹರಣೆಗೆ 35 ಡಿಗ್ರಿ ಜಾಸ್ತಿ ಅಂದುಕೊಳ್ಳಿ. 25 ಡಿಗ್ರಿಯ ಎಸಿ ಅಂಗಡಿಯಲ್ಲಿ ಅದು 60ಕ್ಕೆ ನಿಲ್ಲುತ್ತದೆ. 42 ಡಿಗ್ರಿಯ ನಮ್ಮ ಮನೆಯಲ್ಲಿ 77. ಇನ್ನು ಹಾಳೆಗಳ ಸಂದಿಗೆ ಧೂಳು ಮೆತ್ತಿಕೊಂಡು ಗಾಳಿ ಅರ್ಧಕ್ಕರ್ಧ ಕಡಿಮೆಯಾಯಿತು ಅನ್ನಿ. ಆಗ ಆ 35 ಹೋಗಿ 55, 60 ಆಗುತ್ತದೆ. ಅಂಗಡಿಯ ತಂಪಿನಲ್ಲಿ ಹೇಗೋ ತಾಳಿಕೊಳ್ಳುವ ಯಂತ್ರ ಮನೆಗೆ ಬಂದರೆ ನೂರರ ಹತ್ತಿರ ಮುಟ್ಟುತ್ತದೆ.

ಹೆಚ್ಚಿನ ಪ್ರೊಸೆಸರ್‌ಗಳು ನೂರು ಡಿಗ್ರಿಯ ಆಸುಪಾಸಿಗೆ ಬಂದಾಗ ಸುಟ್ಟುಹೋಗದಂತೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಬಿಸಿಲಲ್ಲಿ ಎತ್ತು ಹೆಜ್ಜೆ ಸಣ್ಣ ಮಾಡುತ್ತದಲ್ಲ, ಹಾಗೆ. ನಮಗೆ ಇದು "ಹ್ಯಾಂಗ್" ಆದಂತೆ ಕಾಣುತ್ತದೆ. ವೇಗ ತಗ್ಗಿಸಿದರೂ ಕಾವು ಇಳಿಯದಿದ್ದರೆ ಕೊನೆಗೆ ತನ್ನನ್ನೇ ಬಂದ್ ಮಾಡಿಕೊಳ್ಳುತ್ತದೆ. ಇದರಲ್ಲಿ ವಿಂಡೋಸಿನ ತಪ್ಪೇನೂ ಇಲ್ಲ. ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಧೂಳು ಇದ್ದಲ್ಲೇ ಇರುತ್ತದೆ.

ನಮ್ಮ ಧೂಳಿನ ಬಗ್ಗೆ ಎರಡು ಮಾತು. ಸಂಡೂರು, ತೋರಣಗಲ್ಲಿನ ಕಡೆ ಅದಿರಿನ ಕೆಂಪು ಪುಡಿ. ಕೊಪ್ಪಳದ ಗಿಣಿಗೇರಾ ಸುತ್ತ ಕಾರ್ಖಾನೆಗಳ ಕಪ್ಪು ಧೂಳು, ಬೆಳಿಗ್ಗೆ ಒರೆಸಿದ ಕಿಟಕಿಯ ಕಟ್ಟೆ ಸಂಜೆಗೆ ಕಪ್ಪಾಗಿರುತ್ತದೆ. ಶಕ್ತಿನಗರದ ಕಡೆ ವಿದ್ಯುತ್ ಸ್ಥಾವರದ ಹಾರುಬೂದಿ. ಹತ್ತಿಯ ಜಿನ್ನಿಂಗ್ ಮಿಲ್ ಹತ್ತಿರವಿದ್ದರೆ ಗಾಳಿಯಲ್ಲಿ ನೂಲಿನ ಎಳೆ. ಈ ಎಳೆಗಳು ಬಹಳ ಕಾಟ ಕೊಡುತ್ತವೆ, ಯಾಕಂದರೆ ಹಾಳೆಗಳ ಬಾಯಲ್ಲಿ ಬಲೆ ಕಟ್ಟಿದ ಹಾಗೆ ಸಿಕ್ಕಿಕೊಂಡು ಉಳಿದ ಧೂಳನ್ನೆಲ್ಲ ಹಿಡಿದಿಡುತ್ತವೆ. ಎರೆ ಹೊಲದ ಊರುಗಳಲ್ಲಿ ಬೇಸಿಗೆಯ ಸುಂಟರಗಾಳಿ ಒಂದು ಸಲ ಮನೆ ಹೊಕ್ಕರೆ ಸಾಕು. ಲೋಹದ ಅಂಶವಿರುವ ಧೂಳಿಗೆ ತೇವ ಸೇರಿದರೆ ಬೋರ್ಡಿನ ಮೇಲೆ, ಅಂದರೆ ಒಳಗಿನ ಚಿಪ್ಪುಗಳೆಲ್ಲ ಕೂರುವ ಮದರ್‌ಬೋರ್ಡಿನ ಮೇಲೆ, ಶಾರ್ಟ್ ಆಗುವ ಭಯವೂ ಇದೆ.

ತೇವ ಎಲ್ಲಿಂದ ಬರಬೇಕು ಅಂತೀರಾ? ಕೂಲರ್! ನಮ್ಮ ಕಡೆ ಏಪ್ರಿಲ್ ಬಂತೆಂದರೆ ಮನೆಮನೆಯಲ್ಲೂ ನೀರಿನ ಕೂಲರ್ ಶುರು. ಕಂಪ್ಯೂಟರಿಗೂ ತಂಪಾಗಲಿ ಅಂತ ಅದರ ಮುಖಕ್ಕೇ ಕೂಲರ್ ತಿರುಗಿಸಿ ಇಟ್ಟವರನ್ನು ನಾನು ನೋಡಿದ್ದೇನೆ. ಮನಸ್ಸು ಒಳ್ಳೆಯದೇ. ಆದರೆ ಕೂಲರಿನಿಂದ ಬರುವುದು ಒದ್ದೆ ಗಾಳಿ. ಕೆಲವೊಮ್ಮೆ ಹನಿಯೂ ಸಿಡಿಯುತ್ತದೆ. ಆ ಹನಿಯಲ್ಲಿ ಬೋರ್‌ವೆಲ್ ನೀರಿನ ಉಪ್ಪಿರುತ್ತದೆ. ಕೂಲರ್ ಕೋಣೆಯಲ್ಲಿರಲಿ, ಗಾಳಿ ಮಾತ್ರ ನೇರ ಡಬ್ಬಿಗೆ ಬಡಿಯದಿರಲಿ.

ಡಬ್ಬಿ ಬಿಚ್ಚುವುದು

ಹೆದರಬೇಡಿ. ಹೊಲಿಗೆ ಯಂತ್ರ ಬಿಚ್ಚಿ ಎಣ್ಣೆ ಬಿಡುವಷ್ಟೇ ಸುಲಭ. ಒಂದು ಸ್ಕ್ರೂಡ್ರೈವರ್, ಒಂದು ಇಂಚಿನ ಮೆತ್ತನೆಯ ಪೇಂಟ್ ಬ್ರಷ್, ಒಂದು ಒಣ ಹತ್ತಿ ಬಟ್ಟೆ. ಅಂಗಡಿಯವರ ಹತ್ತಿರ ಇರುವಂಥ ಕೈ ಬ್ಲೋವರ್ ಯಾರಿಂದಾದರೂ ಸಿಕ್ಕರೆ ಇನ್ನೂ ಒಳ್ಳೆಯದು.

ಮೊದಲು ಷಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ವೈರನ್ನು ಕಿತ್ತು ಪಕ್ಕಕ್ಕಿಡಿ. ಆಮೇಲೆ ಕಂಪ್ಯೂಟರಿನ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಅಷ್ಟಿಷ್ಟು ಕರೆಂಟು ಇಳಿಯಲಿ ಅಂತ. ಡಬ್ಬಿಯನ್ನು ಅಂಗಳಕ್ಕೋ ಮಾಳಿಗೆಗೋ ಒಯ್ಯಿರಿ. ಕೋಣೆಯಲ್ಲೇ ಊದಿದರೆ ಧೂಳು ಹಾಸಿಗೆಯ ಮೇಲೆ ಕೂತು ನಾಳೆ ವಾಪಸ್ ಅಲ್ಲಿಗೇ ಬರುತ್ತದೆ. ಎದುರಿನಿಂದ ನೋಡಿದಾಗ ಎಡಗಡೆಯ ಹಲಗೆಗೆ ಹಿಂಭಾಗದಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂ. ಬಿಚ್ಚಿ ಹಿಂದಕ್ಕೆ ಎಳೆದರೆ ಹಲಗೆ ಬರುತ್ತದೆ. ಒಳಗೆ ಕೈ ಹಾಕುವ ಮೊದಲು ಡಬ್ಬಿಯ ಬಣ್ಣವಿಲ್ಲದ ಕಬ್ಬಿಣದ ಭಾಗವನ್ನು ಒಮ್ಮೆ ಮುಟ್ಟಿ. ಮೈಯಲ್ಲಿ ಸೇರಿದ ಸ್ಥಿರ ವಿದ್ಯುತ್ತು ಅಲ್ಲಿ ಇಳಿದುಹೋಗುತ್ತದೆ. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಅನ್ನುತ್ತದಲ್ಲ, ಅದೇ ಇದು. ನಮಗೆ ಏನೂ ಆಗದ ಆ ಕಿಡಿ ಒಂದು ಚಿಪ್ಪನ್ನು ಕೆಡಿಸಬಲ್ಲದು.

ಈಗ ಬ್ರಷ್. ಮೇಲಿಂದ ಕೆಳಕ್ಕೆ ಮೆಲ್ಲಗೆ. ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಿಂದ ಹಿಡಿದುಕೊಂಡೇ ಊದಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಬ್ಲೋವರ್ ಗಾಳಿಗೆ ಫ್ಯಾನು ತನ್ನ ಮಿತಿ ಮೀರಿ ಗಿರಗಿರ ತಿರುಗಿ ಬೇರಿಂಗ್ ಹಾಳಾಗುತ್ತದೆ. ಜೊತೆಗೆ ತಿರುಗುವ ಫ್ಯಾನು ಪುಟ್ಟ ಡೈನಮೋ ಇದ್ದಂತೆ, ಬೋರ್ಡಿಗೆ ಹಿಮ್ಮುಖವಾಗಿ ಕರೆಂಟ್ ಕಳಿಸಬಹುದು. ಫ್ಯಾನಿನ ಕೆಳಗೆ ಹಾಳೆಗಳ ಬಾಯಲ್ಲಿ ಮೆತ್ತಿಕೊಂಡ ಪದರವೇ ನಮ್ಮ ಅಸಲಿ ಗುರಿ. ಅದು ಬ್ರಷ್ಷಿಗೆ ಬಾರದಿದ್ದರೆ ಹಲ್ಲುಕಡ್ಡಿಯಿಂದ ಎಬ್ಬಿಸಿ ತೆಗೆಯಿರಿ.

ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸಬೇಡಿ. ಅದರ ಟ್ಯಾಂಕಿನಲ್ಲಿ ನೀರು ಕೂತಿರುತ್ತದೆ, ಗಾಳಿಯ ಜೊತೆ ಹನಿಯಾಗಿ ಬರುತ್ತದೆ. ಒತ್ತಡವೂ ವಿಪರೀತ. ಮನೆಯ ವ್ಯಾಕ್ಯೂಮ್ ಕ್ಲೀನರ್ ಮೂತಿಯನ್ನು ಬೋರ್ಡಿಗೆ ತಾಗಿಸಬೇಡಿ, ಅದು ಸ್ಥಿರ ವಿದ್ಯುತ್ತು ಹುಟ್ಟಿಸುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ. ಹೀಟ್ ಸಿಂಕನ್ನು ಸುಮ್ನೆ ಕಿತ್ತು ನೋಡಬೇಡಿ. ಕಿತ್ತರೆ ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು. ಇನ್ನು ಹಿಂಬದಿಯಲ್ಲಿ ವೈರ್ ಚುಚ್ಚುವ ಕಡೆ ಇರುವ ಮುಚ್ಚಿದ ಪೆಟ್ಟಿಗೆ, ಕಂಪ್ಯೂಟರಿನ ಭಾಗಗಳಿಗೆಲ್ಲ ಕರೆಂಟ್ ಹಂಚುವುದು, ಅದು ಎಸ್‌ಎಂಪಿಎಸ್. ಅದನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಕರೆಂಟು ಉಳಿದಿರಬಹುದು. ಹೊರಗಿನಿಂದ ಊದಿದರೆ ಸಾಕು.

ಹೇಗೂ ಬಿಚ್ಚಿದ್ದೀರಿ, ರ್‍ಯಾಮ್ ಪಟ್ಟಿಯನ್ನೂ, ಅಂದರೆ ಕಂಪ್ಯೂಟರಿನ ಮೆಮೊರಿಯನ್ನೂ, ನೋಡಿಬಿಡಿ. ಆನ್ ಮಾಡಿದರೆ ಪರದೆ ಕಪ್ಪಗೇ ಇದ್ದು ಬರೀ ಬೀಪ್ ಬೀಪ್ ಅನ್ನುತ್ತಿದ್ದರೆ ಎಷ್ಟೋ ಸಲ ಕಾರಣ ಇದೇ. ಎರಡೂ ತುದಿಯ ಕ್ಲಿಪ್ ಸರಿಸಿ ಪಟ್ಟಿ ಹೊರತೆಗೆದು, ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನುವ ತನಕ ಒತ್ತಿ ಕೂರಿಸಿ.

ಎಷ್ಟು ದಿನಕ್ಕೊಮ್ಮೆ? ಕಾರ್ಖಾನೆ, ಗಣಿ, ಮಿಲ್ಲಿನ ಹತ್ತಿರ ಇರುವವರು ಮೂರು ತಿಂಗಳಿಗೊಮ್ಮೆ. ಉಳಿದವರು ವರ್ಷಕ್ಕೆ ಎರಡು ಸಲ. ಬೇಸಿಗೆ ಏರುವ ಮುಂಚೆ ಫೆಬ್ರವರಿಯಲ್ಲಿ ಒಮ್ಮೆ, ದೀಪಾವಳಿಗೆ ಸುಣ್ಣ ಬಣ್ಣ ಮುಗಿದ ಮೇಲೆ ಒಮ್ಮೆ. ಗೋಡೆ ಕೆರೆಯುವ ದಿನ ಕಂಪ್ಯೂಟರನ್ನು ಪಕ್ಕದ ಕೋಣೆಗೆ ಇಡಿ.

ಲ್ಯಾಪ್‌ಟಾಪ್ ಇದ್ದವರು ಒಳಗೆ ಬಿಚ್ಚುವುದನ್ನು ತಿಳಿದವರಿಗೇ ಬಿಡುವುದು ಒಳ್ಳೆಯದು. ನೀವು ಮಾಡಬೇಕಾದ್ದು ಒಂದೇ. ಕೌದಿಯ ಮೇಲೆ, ಗಾದಿಯ ಮೇಲೆ ಇಟ್ಟುಕೊಂಡು ಕೆಲಸ ಮಾಡಬೇಡಿ. ಅದು ಗಾಳಿ ಎಳೆಯುವುದು ಹೊಟ್ಟೆಯ ಕೆಳಗಿನ ತೂತುಗಳಿಂದ. ಕೌದಿ ಆ ಬಾಯಿ ಮುಚ್ಚುತ್ತದೆ. ಒಂದು ಮಣೆ ಇಟ್ಟುಕೊಂಡರೂ ನಡೆಯುತ್ತದೆ. ಕೀಬೋರ್ಡಿನ ಕೆಳಗೆ ಉಬ್ಬಿದಂತೆ ಕಂಡರೆ, ಟಚ್‌ಪ್ಯಾಡ್ ಮೇಲೆದ್ದರೆ, ಬ್ಯಾಟರಿ ಊದಿದೆ ಅಂತ ಅರ್ಥ. ಅವತ್ತೇ ಬಳಸುವುದನ್ನು ನಿಲ್ಲಿಸಿ. ಅದನ್ನು ಒತ್ತಿ ಸರಿಮಾಡಲು ಹೋಗಬೇಡಿ, ಬೆಂಕಿ ಹತ್ತಬಹುದು.

ಕರೆಂಟಿನ ಕಥೆ

ನಮ್ಮ ಮೂರೂ ಜಿಲ್ಲೆಗೆ ಕರೆಂಟ್ ಕೊಡುವುದು ಜೆಸ್ಕಾಂ. ಮಳೆಗಾಲಕ್ಕೆ ಮುಂಚಿನ ಗಾಳಿ ಗುಡುಗಿನಲ್ಲಿ ತಂತಿ ಹರಿಯುವುದು, ಕಂಬ ಬೀಳುವುದು ಯಾರಿಗೂ ಹೊಸದಲ್ಲ. ಕರೆಂಟು ಪಟ್ಟನೆ ಹೋದಾಗ ಕಂಪ್ಯೂಟರಿಗೆ ಏನು ಕೇಡು ಅಂತ ಕೇಳಬಹುದು. ವಿಂಡೋಸ್ ಸದಾ ಡಿಸ್ಕಿನ ಮೇಲೆ ಏನಾದರೂ ಬರೆಯುತ್ತಲೇ ಇರುತ್ತದೆ, ನೀವು ಸುಮ್ನೆ ಕೂತಿದ್ದರೂ. ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದವನ ಕೈಯಿಂದ ಅರ್ಧ ಸಾಲಿಗೇ ಪೆನ್ನು ಕಿತ್ತುಕೊಂಡರೆ ಆ ಪುಟದ ಮೊತ್ತ ತಾಳೆಯಾಗುವುದಿಲ್ಲ ಅಲ್ವಾ? ಹಾಗೆಯೇ. ಪದೇ ಪದೇ ಹೀಗಾದರೆ ಒಂದು ಸಲ ಮುಖ್ಯವಾದ ಸಾಲೇ ಅರ್ಧವಾಗಬಹುದು. ಆಗ ಮತ್ತೆ ಆನ್ ಮಾಡಿದರೆ ವಿಂಡೋಸ್ ಏಳುವುದಿಲ್ಲ. ಕರೆಂಟು ವಾಪಸ್ ಬರುವ ಗಳಿಗೆಯೂ ಕೆಟ್ಟದ್ದೇ, ವೋಲ್ಟೇಜ್ ಒಮ್ಮೊಮ್ಮೆ ಮೇಲಕ್ಕೆ ನೆಗೆದು ಬರುತ್ತದೆ.

ಮನೆ ಕಂಪ್ಯೂಟರಿಗೆ 600 ವಿಎ ಯುಪಿಎಸ್ ಸಾಕು. ಇದು ಹತ್ತು ಹದಿನೈದು ನಿಮಿಷ ತಡೆಯುತ್ತದೆ. ಆ ಹೊತ್ತು ಇರುವುದು ಕೆಲಸ ಸೇವ್ ಮಾಡಿ ಷಟ್‌ಡೌನ್ ಮಾಡುವುದಕ್ಕೆ. ಸಿನಿಮಾ ಮುಗಿಸುವುದಕ್ಕೆ ಅಂತ ಬಳಸಿದರೆ ಬ್ಯಾಟರಿ ಬೇಗ ಸಾಯುತ್ತದೆ. ಬ್ಯಾಟರಿ ಎರಡು ಮೂರು ವರ್ಷಕ್ಕೆ ಹೇಗೂ ಬದಲಾಯಿಸಬೇಕಾಗುತ್ತದೆ, ಬಿಸಿ ಕೋಣೆಯಲ್ಲಿ ಇನ್ನೂ ಬೇಗ. ಇಡೀ ಯುಪಿಎಸ್ ಎಸೆಯಬೇಡಿ, ಒಳಗಿನ 12 ವೋಲ್ಟ್ ಬ್ಯಾಟರಿ ಮಾತ್ರ ಹಾಕಿಸಿದರೆ ಆಯಿತು. ಲೇಸರ್ ಪ್ರಿಂಟರನ್ನು ಅದಕ್ಕೆ ಚುಚ್ಚಬೇಡಿ, ಅದು ಒಮ್ಮೆಲೇ ಎಳೆಯುವ ಕರೆಂಟನ್ನು ಸಣ್ಣ ಯುಪಿಎಸ್ ತಾಳುವುದಿಲ್ಲ.

ಮನೆಯಲ್ಲಿ ಇನ್ವರ್ಟರ್ ಇದ್ದರೂ ಕರೆಂಟ್ ಹೋದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ ಅನ್ನುವವರು ಇನ್ವರ್ಟರಿನ ಹಿಂದೆಯೋ ಮುಂದೆಯೋ ಒಂದು ಸ್ವಿಚ್ ಇದೆಯಾ ನೋಡಿ. ಬಹಳಷ್ಟು ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದಿರುತ್ತದೆ. ಅದಕ್ಕೆ ಹಾಕಿದರೆ ಲೈನಿನಿಂದ ಬ್ಯಾಟರಿಗೆ ದಾಟುವ ಹೊತ್ತು ಕಡಿಮೆಯಾಗುತ್ತದೆ, ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ.

ಡಬ್ಬಿ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದೆಯಾ? ಅದನ್ನು ಸಣ್ಣ ಮಾತು ಅಂತ ಬಿಡಬೇಡಿ. ನಿಮ್ಮ ಸ್ವಿಚ್ ಬೋರ್ಡಿಗೆ ಅರ್ಥಿಂಗ್ ಸರಿಯಿಲ್ಲ. ಎಸ್‌ಎಂಪಿಎಸ್‌ನಲ್ಲಿ ಸೋರುವ ಅಲ್ಪ ಕರೆಂಟು ಭೂಮಿಗೆ ಹೋಗುವ ದಾರಿ ಕಾಣದೆ ಡಬ್ಬಿಯ ಮೇಲೆ ನಿಂತಿದೆ. ಎಲೆಕ್ಟ್ರಿಷಿಯನ್ ಕರೆಸಿ ಮೂರನೇ ಪಿನ್ನಿಗೆ ಅರ್ಥ್ ಕೊಡಿಸಿ. ಉಪ್ಪು ಇದ್ದಲು ತುಂಬಿದ ಹಳೆಯ ಪದ್ಧತಿಯ ಅರ್ಥಿಂಗ್ ಗುಂಡಿ ಇದ್ದರೆ ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಹಾಕಬೇಕು. ಒಣಗಿದ ಮಣ್ಣು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಸಿಡಿಲಿನ ದಿನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಇಂಟರ್ನೆಟ್ಟಿನ ತಾಮ್ರದ ಕೇಬಲ್ಲನ್ನೂ ಕೀಳಬೇಕು. ಆ ದಾರಿಯಲ್ಲಿ ಬಂದ ಸಿಡಿಲು ರೂಟರ್ ಸುಟ್ಟು ಬೋರ್ಡಿನ ತನಕ ಬರುತ್ತದೆ.

ಇನ್ನೊಂದು ಸಣ್ಣ ತೊಂದರೆ. ಮೇನ್ ಸ್ವಿಚ್ ಆರಿಸಿಟ್ಟು ಮರುದಿನ ಆನ್ ಮಾಡಿದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಬ್ಯಾಂಕಿನ ಪುಟ, ಜಿಮೇಲ್ ಯಾವುದೂ ತೆರೆಯದೆ "ಸುರಕ್ಷಿತವಲ್ಲ" ಅನ್ನುತ್ತವೆ. ಜನ ಇಂಟರ್ನೆಟ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇದೆ, ಸಿಆರ್ 2032, ಮೂರು ವೋಲ್ಟ್. ಗಡಿಯಾರ ನಡೆಸುವುದು ಅದು. ಕೆಲವು ವರ್ಷಕ್ಕೆ ಸವೆಯುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಧೂಳೂ ಇಲ್ಲ, ಕಾವೂ ಇಲ್ಲ, ಆದರೂ ನಿಧಾನ

ಆಗ ಕಂಪ್ಯೂಟರನ್ನೇ ಕೇಳಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಸಾಲುಗಳಿವೆ, ಮೇಲೆ ಶೇಕಡಾವಾರು ಅಂಕಿ. ಯಾವ ಅಂಕಿ ನೂರರ ಹತ್ತಿರ ಅಂಟಿಕೊಂಡಿದೆಯೋ ಅಲ್ಲಿ ತೊಂದರೆ. ನಾಡಿ ನೋಡಿದ ಹಾಗೆ.

ಐದಾರು ವರ್ಷದ ಹಿಂದಿನ ಕಂಪ್ಯೂಟರುಗಳಲ್ಲಿ ಬಹುಪಾಲು ಡಿಸ್ಕ್ 100 ಅಂತ ಇರುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಅಂದರೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುವ ಮುಳ್ಳು. ಗ್ರಾಮಫೋನಿನಂತೆ ಮುಳ್ಳು ಅತ್ತಿಂದಿತ್ತ ಓಡಾಡಿ ಓದಬೇಕು. ಇವತ್ತಿನ ವಿಂಡೋಸ್ ಒಮ್ಮೆಲೇ ಹತ್ತಾರು ಕಡೆಯಿಂದ ಓದಲು ಕೇಳುತ್ತದೆ, ಮುಳ್ಳು ಸಾಕಾಗಿ ಹೋಗುತ್ತದೆ. ಇದರ ಜಾಗಕ್ಕೆ ಈಗ ಬರುವುದು ಚಿಪ್ಪಿನಲ್ಲೇ ಬರೆದಿಡುವ ಎಸ್‌ಎಸ್‌ಡಿ. ಎಸ್‌ಎಸ್‌ಡಿಯಲ್ಲಿ ತಿರುಗುವುದು, ಓಡುವುದು ಏನೂ ಇಲ್ಲ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು, ನೂರೈವತ್ತು ಎಂಬಿ ಓದಿದರೆ ಸಾಟಾ ಅನ್ನುವ ಸಾದಾ ಬಗೆಯ ಎಸ್‌ಎಸ್‌ಡಿ ಐನೂರರ ಆಸುಪಾಸು ಓದುತ್ತದೆ. ಚೂರುಪಾರು ಓದುವಾಗ ಅಂತರ ಇನ್ನೂ ದೊಡ್ಡದು. ಹಳೆಯ ಕಂಪ್ಯೂಟರಿಗೆ ದುಡ್ಡು ಹಾಕುವುದಾದರೆ ಮೊದಲು ಎಸ್‌ಎಸ್‌ಡಿಗೆ ಹಾಕಿ. ನನ್ನ ಅನುಭವದಲ್ಲಿ ಇಷ್ಟು ಫಲ ಕೊಡುವ ಖರ್ಚು ಬೇರೆ ಇಲ್ಲ. ಎಸ್‌ಎಸ್‌ಡಿ ಹಾಕಿದ ಮೇಲೆ ಡಿಫ್ರಾಗ್ ಮಾಡುವ, ಅಂದರೆ ಡಿಸ್ಕಿನಲ್ಲಿ ಚದುರಿದ ಕಡತದ ತುಣುಕುಗಳನ್ನು ಒಟ್ಟುಗೂಡಿಸುವ, ಹಳೆಯ ಅಭ್ಯಾಸ ಬಿಡಬೇಕು. ಅದಕ್ಕೆ ಬೇಕಾದ್ದನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ.

ಮೆಮೊರಿ ತುಂಬಿದ್ದರೆ ಬ್ರೌಸರಿನಲ್ಲಿ ಎಷ್ಟು ಟ್ಯಾಬ್ ತೆರೆದಿದ್ದೀರಿ ಎಣಿಸಿ. 4 ಜಿಬಿ ರ್‍ಯಾಮ್ ಇವತ್ತಿಗೆ ಬಹಳ ಇಕ್ಕಟ್ಟು, 8 ಜಿಬಿ ಇದ್ದರೆ ಮನೆ ಕೆಲಸಕ್ಕೆ ಆರಾಮ. ಟಾಸ್ಕ್ ಮ್ಯಾನೇಜರಿನಲ್ಲೇ ಸ್ಟಾರ್ಟಪ್ ಅಂತ ಒಂದು ಪುಟ ಇದೆ. ಆನ್ ಮಾಡಿದ ಕೂಡಲೇ ಯಾರು ಯಾರು ಕರೆಯದೇ ಬಂದು ಕೂರುತ್ತಾರೆ ಅನ್ನುವುದು ಅಲ್ಲಿ ಕಾಣುತ್ತದೆ. ಬೇಡದ್ದನ್ನು ಡಿಸೇಬಲ್ ಮಾಡಿ. ಸಿ ಡ್ರೈವ್ ತುಂಬಿ ಕೆಂಪಾಗಿದ್ದರೆ ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟಕ್ಕೆ ಹೋಗಿ ತಾತ್ಕಾಲಿಕ ಕಡತಗಳನ್ನು ತೆಗೆಯಿರಿ. ಡೌನ್‌ಲೋಡ್ಸ್ ಫೋಲ್ಡರಿನ ಮುಂದಿನ ಗುರುತನ್ನು ಮಾತ್ರ ನೋಡಿಕೊಂಡು ಹಾಕಿ, ಅದರಲ್ಲಿ ನಿಮಗೆ ಬೇಕಾದ್ದೂ ಇರುತ್ತದೆ. "ಒಂದೇ ಕ್ಲಿಕ್ಕಿಗೆ ವೇಗ ಹತ್ತು ಪಟ್ಟು" ಅನ್ನುವ ಕ್ಲೀನರ್, ಬೂಸ್ಟರ್‌ಗಳನ್ನು ಹಾಕಿಕೊಳ್ಳಬೇಡಿ. ಅವೇ ಒಂದು ಭಾರ.

ಷಟ್‌ಡೌನ್ ಮತ್ತು ರೀಸ್ಟಾರ್ಟ್ ಒಂದೇ ಅಂತ ನಾವೆಲ್ಲ ತಿಳಿದಿದ್ದೇವೆ. ವಿಂಡೋಸ್ 8 ಬಂದ ಮೇಲೆ ಹಾಗಿಲ್ಲ. ಫಾಸ್ಟ್ ಸ್ಟಾರ್ಟಪ್ ಅನ್ನುವ ಸೌಲಭ್ಯ ಆನ್ ಇದ್ದರೆ, ಷಟ್‌ಡೌನ್ ಮಾಡಿದಾಗ ವಿಂಡೋಸ್ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ನಾಳೆ ಅದನ್ನೇ ಎತ್ತಿಕೊಂಡು ಏಳುತ್ತದೆ. ಅದರ ಜೊತೆ ನಿನ್ನೆಯ ತೊಡಕೂ ಬರುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲ ಹೊಸದಾಗಿ ಶುರು. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ.

ಪೆನ್‌ಡ್ರೈವ್ ಮತ್ತು ಫೋನ್ ನಂಬರ್

ವೈರಸ್ ನಮ್ಮ ಮನೆಗಳಿಗೆ ಬರುವ ದೊಡ್ಡ ದಾರಿ ಪೆನ್‌ಡ್ರೈವ್. ಅರ್ಜಿ, ಬಯೋಡೇಟಾ ಪ್ರಿಂಟ್ ತೆಗೆಸಲು ಝೆರಾಕ್ಸ್ ಅಂಗಡಿಗೆ ಒಯ್ಯುತ್ತೇವೆ. ದಿನಕ್ಕೆ ನೂರು ಪೆನ್‌ಡ್ರೈವ್ ಚುಚ್ಚುವ ಕಂಪ್ಯೂಟರ್ ಅದು. ವಾಪಸ್ ಬಂದಾಗ ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಗಾಬರಿಯಾಗಿ ಅವನ್ನು ಒತ್ತಬೇಡಿ, ಒತ್ತಿದರೇ ವೈರಸ್ ಓಡುವುದು. ನಿಮ್ಮ ಕಡತಗಳು ಅಳಿದಿಲ್ಲ, ಮರೆಯಾಗಿವೆ ಅಷ್ಟೇ. ವಿಂಡೋಸ್ ಜೊತೆ ಬರುವ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿಸಿ, ಆಮೇಲೆ ಫೋಲ್ಡರಿನ ವ್ಯೂ ಪಟ್ಟಿಯಲ್ಲಿ ಮರೆಯಾದ ಕಡತಗಳನ್ನು ತೋರಿಸು ಅನ್ನಿ. ಪ್ರಿಂಟಿಗೆ ಬೇಕಾದ ಒಂದೆರಡು ಕಡತ ಮಾತ್ರ ಹಾಕಿಕೊಂಡು ಹೋಗಲು ಬೇರೆಯೇ ಪೆನ್‌ಡ್ರೈವ್ ಇಟ್ಟುಕೊಳ್ಳಿ.

ಮನೆ ಬಳಕೆಗೆ ಡಿಫೆಂಡರ್ ಸಾಕು, ಅದು ಉಚಿತ. ಆದರೆ ಕಳ್ಳ ಪ್ರತಿಯ ವಿಂಡೋಸ್ ಹಾಕುವವರು "ಕ್ರ್ಯಾಕ್" ಓಡಿಸಲು ಎಷ್ಟೋ ಸಲ ಅದನ್ನೇ ಬಂದ್ ಮಾಡಿಬಿಡುತ್ತಾರೆ. ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಹೊರಗೆ ನೇತುಹಾಕಿದಂತೆ.

ಪರದೆ ತುಂಬ ಕೆಂಪು ಬಣ್ಣ, ಸೈರನ್ ಸದ್ದು, "ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಬಂದರೆ ಅದು ಬರೀ ಒಂದು ವೆಬ್ ಪುಟ. ಮೈಕ್ರೋಸಾಫ್ಟ್ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿ. ಯಾರಾದರೂ ಫೋನಿನಲ್ಲಿ ಮಾತಾಡಿ, ದೂರದಿಂದಲೇ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ನಂಥದ್ದನ್ನು ಹಾಕಿಸಿ ಹಣ ಕಿತ್ತಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

ಅಮ್ಮನ ಫೋಟೊ

ಫಾರ್ಮ್ಯಾಟ್ ಅಂದರೆ ಏನು ಅನ್ನುವುದು ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವಳು ಬೇಡ ಅನ್ನುತ್ತಿದ್ದಳು. ಡಿಸ್ಕನ್ನು ದಪ್ಪ ಪುಸ್ತಕ ಅಂದುಕೊಳ್ಳಿ. ಸಾಮಾನ್ಯವಾಗಿ ಮಾಡುವ ಕ್ವಿಕ್ ಫಾರ್ಮ್ಯಾಟ್ ಪುಟಗಳನ್ನು ಅಳಿಸುವುದಿಲ್ಲ, ಮುಂದಿನ ಪರಿವಿಡಿಯನ್ನು ಹರಿದು ಹಾಕುತ್ತದೆ. ಆಮೇಲೆ ಹೊಸ ವಿಂಡೋಸ್ ಬಂದು ಆ ಪುಟಗಳ ಮೇಲೆಯೇ ತನ್ನದನ್ನು ಬರೆಯುತ್ತದೆ. ಬರೆದುಬಿಟ್ಟ ಪುಟ ವಾಪಸ್ ಇಲ್ಲ. ಬರೆಯದೆ ಉಳಿದದ್ದನ್ನು ರಿಕವರಿ ಸಾಫ್ಟ್‌ವೇರ್ ಹುಡುಕಿಕೊಡಬಹುದು. ಹಾಗಾಗಿ ಕಡತ ಹೋಯಿತು ಅಂತ ಗೊತ್ತಾದ ಕೂಡಲೇ ಆ ಕಂಪ್ಯೂಟರ್ ಬಳಸುವುದನ್ನು ನಿಲ್ಲಿಸಬೇಕು. ಇಷ್ಟೂ ಹಾರ್ಡ್ ಡಿಸ್ಕಿನ ಮಾತು. ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ಅದು ತಾನಾಗಿಯೇ ಖಾಲಿ ಮಾಡಿಕೊಳ್ಳುವುದರಿಂದ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ.

ಅಕ್ಕನ ಡಿಸ್ಕ್ ಎರಡು ಸಲ ಫಾರ್ಮ್ಯಾಟ್ ಆಗಿತ್ತು. ಮೂರು ರಾತ್ರಿ ಹುಡುಕಿಸಿದ ಮೇಲೆ ಅರವತ್ತು ಚಿಲ್ಲರೆ ಫೋಟೊ ಸಿಕ್ಕವು. ಇದ್ದದ್ದು ಸಾವಿರದ ಮೇಲೆ.

ಬ್ಯಾಕಪ್ಪಿಗೆ ಒಂದು ಹಳೆಯ ಲೆಕ್ಕ ಇದೆ: ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಮನೆಯ ಹೊರಗೆ. ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಗೂಗಲ್ ಡ್ರೈವಿನಂಥ ಕಡೆ ಒಂದು. ಗೂಗಲ್ 15 ಜಿಬಿ ತನಕ ಉಚಿತ ಕೊಡುತ್ತದೆ. ಎಲ್ಲ ಹಾಕಲು ಆಗುವುದಿಲ್ಲ, ಪಹಣಿ, ಮಾರ್ಕ್ಸ್ ಕಾರ್ಡಿನ ಪ್ರತಿ, ಆರಿಸಿದ ಫೋಟೊ ಹಾಕಲು ಸಾಕು. ಹೊರಗಿನ ಡಿಸ್ಕನ್ನು ಪ್ರತಿ ತೆಗೆದ ಮೇಲೆ ಕಿತ್ತಿಡಿ. ಸದಾ ಚುಚ್ಚಿಯೇ ಇಟ್ಟರೆ ಸಿಡಿಲಿಗೂ ವೈರಸ್ಸಿಗೂ ಎರಡೂ ಒಟ್ಟಿಗೆ ಸಿಗುತ್ತವೆ. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡಲು ಶುರುಮಾಡಿದ್ದರೆ ಪ್ರತಿ ತೆಗೆಯುವುದನ್ನು ನಾಳೆ ಅನ್ನಬೇಡಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಒಂದೇ ಅಕ್ಷರ ಪದ್ಧತಿಯಲ್ಲಿಲ್ಲ. ಹೊಸ ವಿಂಡೋಸ್ ಹಾಕಿದ ಮೇಲೆ ಆ ಫಾಂಟ್ ಇಲ್ಲದಿದ್ದರೆ ಅಕ್ಷರವೆಲ್ಲ ಕಲಸಿಹೋದಂತೆ ಕಾಣುತ್ತದೆ. ಕಡತ ಕೆಟ್ಟಿದೆ ಅಂತ ಅಳಿಸಬೇಡಿ. ಫಾಂಟ್ ಹಾಕಿದರೆ ಮೊದಲಿನಂತೆ ಬರುತ್ತದೆ. ಬಿಡುವಾದಾಗ ಯೂನಿಕೋಡಿಗೆ ಬದಲಾಯಿಸಿಟ್ಟರೆ ಮುಂದೆ ಈ ತಾಪತ್ರಯ ಇಲ್ಲ.

ಅಂಗಡಿಗೆ ಹೋಗಲೇಬೇಕಾದಾಗ

ಹೋಗಬೇಕಾಗುತ್ತದೆ. ಬೋರ್ಡ್ ಸುಟ್ಟರೆ, ಎಸ್‌ಎಂಪಿಎಸ್ ಸತ್ತರೆ ಮನೆಯಲ್ಲಿ ಏನೂ ನಡೆಯದು. ವಿಂಡೋಸ್ 10 ಇಟ್ಟುಕೊಂಡವರೂ ಯೋಚಿಸಬೇಕು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟ್ ನಿಲ್ಲಿಸಿದೆ. ಮನೆ ಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ ತನಕ ಅಂತ ಒಂದು ವರ್ಷದ ಹೆಚ್ಚುವರಿ ಅವಧಿ ಕೊಟ್ಟಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಭಾಗ ಬೇಕು, ಪ್ರೊಸೆಸರೂ ಅವರ ಪಟ್ಟಿಯಲ್ಲಿರಬೇಕು. ಹಳೆಯ ಯಂತ್ರ ಅದಕ್ಕೆ ಒಗ್ಗದಿದ್ದರೆ ವಿಂಡೋಸಿನ ಬದಲಿಗೆ ಲಿನಕ್ಸ್ ಅನ್ನುವ ಬೇರೆ ವ್ಯವಸ್ಥೆ ಹಾಕಬಹುದು. ಬ್ರೌಸರ್, ಪತ್ರ ಬರೆಯುವುದು, ಕನ್ನಡ ಟೈಪಿಂಗ್ ಎಲ್ಲ ಅದರಲ್ಲೂ ನಡೆಯುತ್ತದೆ.

ಅಂಗಡಿಗೆ ಒಯ್ಯುವಾಗ "ಹ್ಯಾಂಗ್ ಆಗ್ತೈತ್ರೀ" ಅಂತ ಮಾತ್ರ ಹೇಳಿದರೆ ಅವರಿಗೂ ಕಷ್ಟ. ಅವರೇನು ದೇವರಲ್ಲ. ಯಾವ ಹೊತ್ತಿಗೆ, ಏನು ಮಾಡುವಾಗ, ಕರೆಂಟ್ ಹೋಗಿ ಬಂದ ಮೇಲೆಯೋ ಮುಂಚೆಯೋ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪರದೆಯ ಮೇಲೆ ಬಂದ ಸಂದೇಶವನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. "ಡೇಟಾ ತೆಗೆದಿಡದೆ ಫಾರ್ಮ್ಯಾಟ್ ಮಾಡಬೇಡ್ರಿ, ಮಾಡೂ ಮುಂಚೆ ಫೋನ್ ಮಾಡ್ರಿ" ಅಂತ ಬಾಯಲ್ಲಿ ಹೇಳುವುದಲ್ಲದೆ ಡಬ್ಬಿಯ ಮೇಲೆ ಕಾಗದ ಅಂಟಿಸಿ ಬರೆಯಿರಿ. ಅಂಗಡಿಯಲ್ಲಿ ರಿಪೇರಿ ಮಾಡುವ ಹುಡುಗನೇ ಬೇರೆ, ನಿಮ್ಮ ಮಾತು ಕೇಳಿಸಿಕೊಂಡವರೇ ಬೇರೆ ಇರಬಹುದು. ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ವಾಪಸ್ ತಗೊಳ್ಳಿ. ಹಳೆಯ ಹಾರ್ಡ್ ಡಿಸ್ಕನ್ನಂತೂ ಕೆಟ್ಟಿದೆ ಅಂದರೂ ಬಿಟ್ಟು ಬರಬೇಡಿ. ನಿಮ್ಮ ಆಧಾರ್ ಪ್ರತಿ, ಬ್ಯಾಂಕಿನ ಕಾಗದ, ಮನೆ ಮಂದಿಯ ಫೋಟೊ ಎಲ್ಲ ಅದರೊಳಗೇ ಇರುತ್ತವೆ.